ಹುತಾತ್ಮರ ಸ್ಮರಣೆಯಷ್ಟೇ ಸಾಲದು, ಕೈಗವಸೂ ಬೇಕು

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕಸಾಯಿ ಪ್ರಾಂತದಲ್ಲಿ ಬುಲಾಪೆ ಎಂಬ ಊರಿದೆ. 2025ರ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಆಸ್ಪತ್ರೆಗೆ ತೀವ್ರ ಜ್ವರ ಹಾಗೂ ರಕ್ತಸ್ರಾವದಿಂದ ನರಳುತ್ತಿದ್ದ ಗರ್ಭಿಣಿಯೊಬ್ಬಳು ದಾಖಲಾದಳು. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ಆಕೆಯನ್ನು ಉಪಚರಿಸಿದವರೂ ಕಾಯಿಲೆ ಬಿದ್ದರು. ಇದು ಎಬೋಲಾ ಎಂದು ಸರ್ಕಾರ ಸೆಪ್ಟೆಂಬರ್ 4ರಂದು ಘೋಷಿಸುವ ವೇಳೆಗೆ ಹದಿನೈದು ಮಂದಿ ಸತ್ತಿದ್ದರು. ಅವರಲ್ಲಿ ನಾಲ್ವರು ಆರೋಗ್ಯ ಸಿಬ್ಬಂದಿ. ಡಿಸೆಂಬರ್ 1ರಂದು ರೋಗ ಅಡಗಿತೆಂದು ಸಾರಿದಾಗ ಸೋಂಕು ತಗಲಿದವರು 64, ಮಡಿದವರು 45. ಆ ದೇಶದಲ್ಲಿ ಇದು ಹದಿನಾರನೆಯ ಎಬೋಲಾ ಹಾವಳಿ.

ಆಫ್ರಿಕದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಸಾವಿನ ಲೆಕ್ಕವಾಗಿ ಬರುತ್ತದೆ, ಲೆಕ್ಕ ಮುಗಿದೊಡನೆ ಮರೆಯಾಗುತ್ತದೆ. ಆದರೆ ಬುಲಾಪೆಯ ಆ ನಾಲ್ವರ ಸಾವು ಒಂದು ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿದೆ. ಸುಮಾರು ಅರ್ಧ ಶತಮಾನದಿಂದ ಜಗತ್ತು ಬಲ್ಲ ರೋಗವಿದು. ಲಸಿಕೆ ಬಂದಿದೆ, ಔಷಧವೂ ಬಂದಿದೆ. ಹೀಗಿದ್ದೂ ರೋಗಿಯ ಹಾಸಿಗೆಯ ಬಳಿ ನಿಲ್ಲುವವರೇ ಮೊದಲು ಬಲಿಯಾಗುವುದು ಏಕೆ?

ಉತ್ತರಕ್ಕಾಗಿ 1976ರ ಯಾಂಬುಕುವಿಗೆ ಹೋಗಬೇಕು. ಆಗ ಈ ದೇಶದ ಹೆಸರು ಜಾಯಿರ್. ಅದರ ಉತ್ತರ ಭಾಗದ ಕಾಡಿನ ನಡುವೆ ಬೆಲ್ಜಿಯಂ ದೇಶದ ಧರ್ಮಭಗಿನಿಯರು 120 ಹಾಸಿಗೆಗಳ ಮಿಷನ್ ಆಸ್ಪತ್ರೆಯೊಂದನ್ನು ನಡೆಸುತ್ತಿದ್ದರು. ಅಲ್ಲಿ ವೈದ್ಯರೇ ಇರಲಿಲ್ಲ. ದೂರದೂರದಿಂದ ಬರುವ ರೋಗಿಗಳಿಗೆ ಪ್ರತಿದಿನ ಬೆಳಿಗ್ಗೆ ಐದು ಸಿರಿಂಜುಗಳನ್ನು ತೆಗೆದಿಡಲಾಗುತ್ತಿತ್ತು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಬೆಚ್ಚಗಿನ ನೀರಿನಲ್ಲಿ ಅಲುಬಿ ಇನ್ನೊಬ್ಬರಿಗೆ ಚುಚ್ಚಲಾಗುತ್ತಿತ್ತು. ಯಾರಿಗೂ ತಿಳಿಯದ ಹೊಸ ವೈರಾಣು ಆ ಸೂಜಿಗಳ ಮೂಲಕವೇ ಹಬ್ಬಿತು. ಆ ಹಾವಳಿಯಲ್ಲಿ 318 ಮಂದಿಗೆ ರೋಗ ತಗಲಿ 280 ಮಂದಿ ಸತ್ತರು. ಆಸ್ಪತ್ರೆಯ ಹದಿನೇಳು ಸಿಬ್ಬಂದಿಯಲ್ಲಿ ಹನ್ನೊಂದು ಮಂದಿ ತೀರಿಹೋದರು. ಸೇವೆಯಲ್ಲಿದ್ದ ಧರ್ಮಭಗಿನಿಯರೂ ಅವರಲ್ಲಿ ಸೇರಿದ್ದರು.

ಈ ಸಂಗತಿ ನಮಗೆ ನೋವು ತರುವಂಥದು. ಆ ಭಗಿನಿಯರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಇದ್ದದ್ದು ಸೂಜಿಯ ಕೊರತೆ. ತ್ಯಾಗಬುದ್ಧಿ ಎಷ್ಟೇ ಇದ್ದರೂ ಕುದಿಸದ ಸೂಜಿಯನ್ನು ಅದು ಶುದ್ಧಗೊಳಿಸಲಾರದು. ಈ ಪಾಠವನ್ನು ಲೋಕವೂ ಧರ್ಮಸಭೆಯೂ ಪೂರ್ತಿಯಾಗಿ ಕಲಿತಿವೆ ಎನ್ನುವಂತಿಲ್ಲ.

ಆಗ ಯಾಂಬುಕುವಿಗೆ ಮೊದಲು ಧಾವಿಸಿದ ವಿಜ್ಞಾನಿಗಳಲ್ಲಿ ಆ ನಾಡಿನವರೇ ಆದ ಡಾ. ಝಾನ್ ಝಾಕ್ ಮುಯೆಂಬೆ ಒಬ್ಬರು. ಬೆಲ್ಜಿಯಂನ ಲೂವೆನ್‌ನಲ್ಲಿ ವೈರಾಣು ಶಾಸ್ತ್ರವನ್ನು ಅಭ್ಯಾಸ ಮಾಡಿ ತಾಯ್ನಾಡಿಗೆ ಮರಳಿದ್ದವರು ಅವರು. ಕೈಗವಸಿಲ್ಲದೆ ಬರಿಗೈಯಲ್ಲೇ ರೋಗಿಗಳ ರಕ್ತ ತೆಗೆದರು. ಕಾಯಿಲೆ ಬಿದ್ದ ಧರ್ಮಭಗಿನಿಯೊಬ್ಬರನ್ನು ರಾಜಧಾನಿ ಕಿನ್ಶಾಸಾಕ್ಕೆ ಕರೆತಂದರು. ಆಕೆಯ ರಕ್ತದ ಮಾದರಿ ಬೆಲ್ಜಿಯಂನ ಆಂಟ್‌ವರ್ಪ್ ನಗರಕ್ಕೆ ವಿಮಾನದಲ್ಲಿ ಹೋಯಿತು. ವೈರಾಣುವನ್ನು ಕಂಡುಹಿಡಿದ ಕೀರ್ತಿ ಪಾಶ್ಚಾತ್ಯ ಪ್ರಯೋಗಾಲಯಗಳ ಪಾಲಾಯಿತು. ಮುಯೆಂಬೆಯವರ ಹೆಸರು ಬಹುಕಾಲ ಅಂಚಿನಲ್ಲೇ ಉಳಿಯಿತು. ಮಾದರಿ ಆಫ್ರಿಕದ್ದು, ರೋಗಿ ಆಫ್ರಿಕದವನು, ಅಪಾಯ ಆಫ್ರಿಕದ ದಾದಿಯದು. ಪ್ರಯೋಗಾಲಯ, ಪದವಿ, ಪೇಟೆಂಟುಗಳು ಮಾತ್ರ ಬೇರೆಡೆ. ಈ ಖಂಡದ ವೈದ್ಯಕೀಯ ಸಂಶೋಧನೆಯ ಕಥೆ ಬಹುಮಟ್ಟಿಗೆ ಹೀಗೆಯೇ ನಡೆದುಬಂದಿದೆ.

ಹತ್ತೊಂಬತ್ತು ವರ್ಷಗಳ ಬಳಿಕ, 1995ರಲ್ಲಿ, ಅದೇ ದೇಶದ ಕಿಕ್ವಿಟ್ ನಗರದಲ್ಲಿ ರೋಗ ಮತ್ತೆ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯ ಕೋಣೆಯಿಂದಲೇ ಅದು ಆಸ್ಪತ್ರೆಯ ಸಿಬ್ಬಂದಿಗೆ ಹರಡಿತು. ರೋಗ ತಗಲಿದ 315 ಮಂದಿಯಲ್ಲಿ ಸುಮಾರು 80 ಮಂದಿ ಆರೋಗ್ಯ ಕಾರ್ಯಕರ್ತರು. ಇಟಲಿಯ ಬೆರ್ಗಮೊದಲ್ಲಿ ಸ್ಥಾಪನೆಯಾದ ಬಡವರ ಭಗಿನಿಯರ ಸಭೆಗೆ ಸೇರಿದ ಆರು ಮಂದಿ ಏಪ್ರಿಲ್ ಕೊನೆಯಿಂದ ಮೇ ಕೊನೆಯೊಳಗೆ, ಒಬ್ಬರಾದ ಮೇಲೊಬ್ಬರಂತೆ, ಪ್ರಾಣ ತೆತ್ತರು. ಮೊದಲು ಮಡಿದವರು ಭಗಿನಿ ಫ್ಲೊರಾಲ್ಬಾ ರೊಂಡಿ. ಹಾಸಿಗೆ ಹಿಡಿದ ಭಗಿನಿಯನ್ನು ನೋಡಿಕೊಳ್ಳಲು ಬಂದವರೂ ಅದೇ ರೋಗಕ್ಕೆ ತುತ್ತಾದರು. 2021ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಈ ಆರು ಮಂದಿಯ ವೀರ ಸದ್ಗುಣಗಳಿಗೆ ಮಾನ್ಯತೆ ನೀಡಿದರು. ಅವರು ಈಗ ‘ಪೂಜ್ಯ’ರ ಸಾಲಿನಲ್ಲಿದ್ದಾರೆ.

ಅದೇ ಕಿಕ್ವಿಟ್‌ನಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಡಾ. ಮುಯೆಂಬೆ ಮತ್ತು ಅವರ ಕಾಂಗೋದ ಸಹೋದ್ಯೋಗಿಗಳು ರೋಗದಿಂದ ಚೇತರಿಸಿಕೊಂಡವರ ರಕ್ತವನ್ನು ಎಂಟು ಮಂದಿ ರೋಗಿಗಳಿಗೆ ಕೊಟ್ಟರು. ಏಳು ಮಂದಿ ಬದುಕಿದರು. ವಿದೇಶಿ ತಜ್ಞರು ಇದನ್ನು ಅಷ್ಟಾಗಿ ನಂಬಲಿಲ್ಲ. ಅವರ ಸಂಶಯ ಸಂಪೂರ್ಣವಾಗಿ ಅನ್ಯಾಯದ್ದೇನೂ ಅಲ್ಲ. ಎಂಟು ಮಂದಿಯಿಂದ ಸಿದ್ಧಾಂತ ಹೊರಡದು, ಅಷ್ಟರಲ್ಲಿ ಶುಶ್ರೂಷೆಯೂ ಸುಧಾರಿಸಿತ್ತು. ಆದರೆ ವಿಚಾರ ಅಲ್ಲಿಗೇ ನಿಲ್ಲಲಿಲ್ಲ. ಹನ್ನೊಂದು ವರ್ಷಗಳ ಬಳಿಕ, ಕಿಕ್ವಿಟ್‌ನಲ್ಲಿ ಬದುಕುಳಿದ ಒಬ್ಬರ ರಕ್ತದಿಂದ ಅಮೆರಿಕದ ವಿಜ್ಞಾನಿಗಳು ಮುಯೆಂಬೆಯವರ ಸಹಯೋಗದಲ್ಲಿ ಪ್ರತಿಕಾಯವೊಂದನ್ನು ಬೇರ್ಪಡಿಸಿದರು. 2018ರ ನವೆಂಬರಿನಲ್ಲಿ, ಸಶಸ್ತ್ರ ಗುಂಪುಗಳ ಹಾವಳಿಯಿಂದ ನಲುಗಿದ್ದ ಪೂರ್ವ ಕಾಂಗೋದಲ್ಲಿ, ನಾಲ್ಕು ಔಷಧಗಳ ತುಲನಾತ್ಮಕ ಪರೀಕ್ಷೆ ಆರಂಭವಾಯಿತು. ಅದರ ನೇತಾರರಲ್ಲಿ ಮುಯೆಂಬೆ ಒಬ್ಬರು. 2019ರ ಆಗಸ್ಟ್ ವೇಳೆಗೆ ಫಲಿತಾಂಶ ಸ್ಪಷ್ಟವಾಯಿತು: ಎರಡು ಔಷಧಗಳು ಸಾವಿನ ಪ್ರಮಾಣವನ್ನು ನೂರಕ್ಕೆ ಸುಮಾರು 35ಕ್ಕೆ ಇಳಿಸಿದವು, ರೋಗದ ಮೊದಲ ಹಂತದಲ್ಲೇ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕಿದರು. ಆ ಎರಡರಲ್ಲಿ ಒಂದು ಕಿಕ್ವಿಟ್‌ನ ರಕ್ತದಿಂದ ಹುಟ್ಟಿದ ಔಷಧ. 2020ರ ಡಿಸೆಂಬರಿನಲ್ಲಿ ಅಮೆರಿಕ ಅದಕ್ಕೆ ಅನುಮೋದನೆ ನೀಡಿತು.

ಇದು ಆಫ್ರಿಕದ ಸಾಮರ್ಥ್ಯದ ಕಥೆ. ಕಿನ್ಶಾಸಾದ ರಾಷ್ಟ್ರೀಯ ಜೀವವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಜಪಾನಿನ ನೆರವಿನಿಂದ ಹೊಸ ಕಟ್ಟಡ ಬಂದಿದೆ. ಎಬೋಲಾ ರಕ್ತದ ಮಾದರಿಗಳು ಇನ್ನು ದೇಶದಲ್ಲಿಯೇ ಉಳಿಯಬೇಕೆಂದು ಮುಯೆಂಬೆ ಪಟ್ಟುಹಿಡಿದರು. ಅವರ ನಿಲುವು ನ್ಯಾಯವಾದುದೇ. ಏಕೆಂದರೆ ಔಷಧದ ದಾಸ್ತಾನಿನ ಬಹುಪಾಲು ಅಮೆರಿಕದ ತುರ್ತು ಸಂಗ್ರಹದಲ್ಲೇ ಇದ್ದು, ರೋಗ ಹುಟ್ಟುವ ನಾಡಿಗೆ ಸಾಕಷ್ಟು ದೊರಕುತ್ತಿಲ್ಲವೆಂದು ‘ಗಡಿಯಿಲ್ಲದ ವೈದ್ಯರು’ ಸಂಸ್ಥೆ ಬಹಿರಂಗವಾಗಿಯೇ ದೂರಿದೆ. ರಕ್ತ ಕೊಟ್ಟವರು ಔಷಧಕ್ಕಾಗಿ ಕೈಚಾಚಬೇಕಾದುದು ವಿಪರ್ಯಾಸವಲ್ಲವೇ?

ಔಷಧ ತಲುಪಿದರೂ ಅದನ್ನು ರಕ್ತನಾಳಕ್ಕೆ ಏರಿಸಲು ಒಂದು ಕೈ ಬೇಕು. ಆ ಕೈಗಳಿಗೇ ಬರಗಾಲ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ಸಾವಿರ ಜನಕ್ಕೆ ವೈದ್ಯರು, ದಾದಿಯರು, ಸೂಲಗಿತ್ತಿಯರು ಸೇರಿ 4.45 ಮಂದಿ ಇರಬೇಕು. 2022ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಆಫ್ರಿಕ ವಲಯದಲ್ಲಿ ಇದ್ದವರು 1.55 ಮಾತ್ರ. 2030ರ ಹೊತ್ತಿಗೆ ಕೊರತೆ 61 ಲಕ್ಷಕ್ಕೆ ಏರಬಹುದೆಂದು ಅಂದಾಜು. ಈ ಕೊರತೆಯ ಮೇಲೆ ಸಾಂಕ್ರಾಮಿಕ ಎರಗಿದರೆ ಏನಾಗುತ್ತದೆ ಎಂಬುದಕ್ಕೆ 2014ರ ಲೈಬೀರಿಯ ಸಾಕ್ಷಿ. ಆ ದೇಶ ತನ್ನ ವೈದ್ಯರು, ದಾದಿಯರು, ಸೂಲಗಿತ್ತಿಯರಲ್ಲಿ ನೂರಕ್ಕೆ ಎಂಟು ಮಂದಿಯನ್ನು ಎಬೋಲಾಕ್ಕೆ ಕಳೆದುಕೊಂಡಿತು. ಎಬೋಲಾ ಹೋದ ಮೇಲೂ ಹೆರಿಗೆಗಳು ನಿಲ್ಲುವುದಿಲ್ಲ, ಮಲೇರಿಯ ನಿಲ್ಲುವುದಿಲ್ಲ. ಹೋದ ಕೈಗಳು ಮಾತ್ರ ಹಿಂದಿರುಗುವುದಿಲ್ಲ.

ತರಬೇತಿ ಪಡೆದವರೇ ಇಲ್ಲ ಎಂದು ಭಾವಿಸಿದರೆ ತಪ್ಪಾದೀತು. 2024ರಲ್ಲಿ ಕೆನ್ಯಾದ ವೈದ್ಯರು 56 ದಿನಗಳ ಮುಷ್ಕರ ಹೂಡಿದರು. ಕಲಿತು ಹೊರಬಂದ ಯುವವೈದ್ಯರ ನೇಮಕ ಮತ್ತು ವೇತನ ಅವರ ಮುಖ್ಯ ಬೇಡಿಕೆಯಾಗಿತ್ತು. ಘಾನಾ ದೇಶ 2020ರಲ್ಲಿ ತನ್ನ 95 ದಾದಿಯರನ್ನು ಸರ್ಕಾರದ ಮಟ್ಟದ ಒಪ್ಪಂದದಂತೆ ಬಾರ್ಬಡೋಸಿಗೆ ಕಳುಹಿಸಿತು. ಒಂದೆಡೆ ಹಾಸಿಗೆಯ ಪಕ್ಕದಲ್ಲಿ ಆಳಿಲ್ಲ, ಇನ್ನೊಂದೆಡೆ ಕಲಿತವರಿಗೆ ಕೆಲಸವಿಲ್ಲ. ನಡುವೆ ಇರುವುದು ಬೊಕ್ಕಸದ ಕಂದಕ. 2001ರಲ್ಲಿ ಅಬುಜಾ ನಗರದಲ್ಲಿ ಸೇರಿದ ಆಫ್ರಿಕದ ರಾಷ್ಟ್ರನಾಯಕರು ಬಜೆಟ್ಟಿನ ಶೇ. 15ರಷ್ಟನ್ನು ಆರೋಗ್ಯಕ್ಕೆ ಮೀಸಲಿಡುವುದಾಗಿ ಮಾತು ಕೊಟ್ಟಿದ್ದರು. ಉಳಿಸಿಕೊಂಡವರು ಬೆರಳೆಣಿಕೆಯಷ್ಟು. ಸಾಲದ ಹೊರೆಯೂ ಆಡಳಿತದ ದೋಷವೂ ಇದಕ್ಕೆ ಸಮಪಾಲು ಕಾರಣ. ಅದರ ಮೇಲೆ, 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಹಠಾತ್ತನೆ ತಡೆಹಿಡಿದು, ಜುಲೈ 1ರಂದು ನೆರವಿನ ಸಂಸ್ಥೆಯನ್ನೇ ಮುಚ್ಚಿತು. ದಾನದ ಮೇಲೆ ನಿಂತ ಸಂಬಳ ದಾನಿಯ ಮನಸ್ಸು ಬದಲಾದ ದಿನವೇ ನಿಲ್ಲುತ್ತದೆ ಎಂಬುದು ಇದರಿಂದ ತಿಳಿಯುವ ಪಾಠ.

ಹಾಗಾದರೆ ದಾದಿ ಹೊರದೇಶಕ್ಕೆ ಹೋಗುವುದು ತಪ್ಪೇ? ಹಾಗೆನ್ನುವ ಹಕ್ಕು ನಮಗಿಲ್ಲ. ಕರಾವಳಿಯ ನಮ್ಮ ಎಷ್ಟೋ ಕಥೋಲಿಕ ಮನೆಗಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಗಳ ಸಂಪಾದನೆಯಿಂದಲೇ ಎದ್ದುನಿಂತಿವೆ. ಹೋಗುವುದು ಆಕೆಯ ಹಕ್ಕು. ಆದರೆ ಬಡದೇಶದ ಖರ್ಚಿನಲ್ಲಿ ಕಲಿತವರನ್ನು ಏನನ್ನೂ ಮರಳಿಸದೆ ಸೆಳೆದುಕೊಳ್ಳುವುದು ಶ್ರೀಮಂತ ದೇಶದ ಹಕ್ಕಲ್ಲ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿ ನೀತಿಸಂಹಿತೆಯೊಂದನ್ನು ಅಂಗೀಕರಿಸಿತು. 2023ರಲ್ಲಿ, ಸಕ್ರಿಯವಾಗಿ ನೇಮಕ ಮಾಡಿಕೊಳ್ಳಬಾರದ 55 ದೇಶಗಳ ಪಟ್ಟಿಯನ್ನೂ ಪ್ರಕಟಿಸಿತು. ಅವುಗಳಲ್ಲಿ 37 ಆಫ್ರಿಕ ವಲಯದವು. ಆದರೆ ಆ ಸಂಹಿತೆಗೆ ಕಾನೂನಿನ ಬಲವಿಲ್ಲ.

ನಮ್ಮ ಅಂಗಳವನ್ನೂ ಒಮ್ಮೆ ನೋಡಿಕೊಳ್ಳೋಣ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ ಸಮಿತಿ, ಖಾಸಗಿ ಆಸ್ಪತ್ರೆಗಳ ದಾದಿಯರಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಸಂಬಳವಿರಬೇಕೆಂದು ಶಿಫಾರಸು ಮಾಡಿತು. ನಮ್ಮ ಧರ್ಮಸಭೆಯ ಆಸ್ಪತ್ರೆಗಳೂ ಈ ಅಳತೆಗೋಲಿನಿಂದ ಹೊರಗಿರಲಾರವು. ‘ಸೇವೆ’ ಎಂಬ ಪವಿತ್ರ ಪದವನ್ನು ಸಂಬಳದ ಬದಲಿಗೆ ಕೊಡುವುದು ಸಲ್ಲದು. ನ್ಯಾಯವಾದ ಕೂಲಿ ಕಾರ್ಮಿಕನ ಹಕ್ಕೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಷ್ಟು ಹಿಂದೆಯೇ ಬೋಧಿಸಿದ್ದಾರೆ.

ಅಕ್ಟೋಬರಿನ ಮಿಷನ್ ಭಾನುವಾರದಂದು ನಾವು ಕಾಣಿಕೆ ಹಾಕುತ್ತೇವೆ, ಅದು ಮುಂದುವರಿಯಲಿ. ಜೊತೆಗೆ ಒಂದು ಚಿಂತನೆಯೂ ಇರಲಿ. ದಯಾಳು ಸಮಾರಿಯದವನ ಸಾಮತಿಯನ್ನು ಕೇಳುವಾಗ ನಮ್ಮ ಕಣ್ಣು ಗಾಯಕ್ಕೆ ಎಣ್ಣೆ ಹೊಯ್ದ ಕೈಯ ಮೇಲೆಯೇ ನಿಲ್ಲುತ್ತದೆ. ಆದರೆ ಆತ ಅಷ್ಟಕ್ಕೇ ಬಿಡಲಿಲ್ಲ. ಗಾಯಾಳುವನ್ನು ನೋಡಿಕೊಳ್ಳಬೇಕಾದ ಛತ್ರದವನಿಗೆ ಎರಡು ನಾಣ್ಯ ಕೊಟ್ಟ, ಹೆಚ್ಚಾದರೆ ಮರಳಿ ಬಂದು ತೀರಿಸುತ್ತೇನೆಂದ. ಶುಶ್ರೂಷೆಗೆ ವೆಚ್ಚವಿದೆ, ರಾತ್ರಿ ಎದ್ದು ಕಾಯುವವನಿಗೆ ಸಲ್ಲಬೇಕಾದುದಿದೆ ಎಂಬುದನ್ನು ಆತ ಬಲ್ಲವನಾಗಿದ್ದ. ಕಿಕ್ವಿಟ್‌ನ ಆರು ಭಗಿನಿಯರನ್ನು ಪೂಜ್ಯರೆಂದು ನಾವು ಸ್ಮರಿಸುತ್ತೇವೆ. ಬುಲಾಪೆಯ ನಾಲ್ವರ ಹೆಸರನ್ನು ಯಾರೂ ನಮಗೆ ಹೇಳಿಲ್ಲ. ಮುಂದಿನ ಹಾವಳಿಯಲ್ಲಿ ಅಂಥ ಐದನೆಯವರೊಬ್ಬರು ಸಾಯದಂತೆ ನೋಡಿಕೊಳ್ಳುವುದೇ ಆ ಹತ್ತು ಮಂದಿಗೂ ಸಲ್ಲುವ ಗೌರವ.