ಪೆಟ್ಟಾದಾಗ ಗುರಿಯನ್ನು ತಿದ್ದೋಣ, ಬಿಡುವುದು ಬೇಡ

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಸೊರಟೂರಿನಲ್ಲಿ ಫಜರ್ ನಮಾಜ್ ಮುಗಿಯುವ ಹೊತ್ತಿಗೆ ರಸ್ತೆಯ ಮೇಲೆ ಹುಡುಗರು ಓಡುತ್ತಿರುತ್ತಾರೆ. ಕೆಲವರಿಗೆ ಸೈನ್ಯ ಸೇರಬೇಕು, ಕೆಲವರಿಗೆ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕು. ಎರಡಕ್ಕೂ 1,600 ಮೀಟರ್ ಓಟ ಬೇಕು. ಅಗ್ನಿವೀರ ಭರ್ತಿಯಲ್ಲಿ 5 ನಿಮಿಷ 30 ಸೆಕೆಂಡ್ ಒಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ಹೀಗಾಗಿ ಒಂದೊಂದು ಸೆಕೆಂಡಿಗೂ ಬೆಲೆ ಇದೆ. ನಮ್ಮ ಕಾಲೇಜಿನಲ್ಲಿ ಕಬಡ್ಡಿ, ವಾಲಿಬಾಲ್, ಥ್ರೋಬಾಲ್ ಆಡುವವರಿಗೂ ತಾಲ್ಲೂಕು ಮಟ್ಟದ ಕ್ರೀಡಾಕೂಟ ಅಂದರೆ ಅಷ್ಟೇ ದೊಡ್ಡದು.

ಇವರಲ್ಲಿ ಯಾರಿಗಾದರೂ ಪೆಟ್ಟಾದರೆ ನಾನು ನೋಡಿದ್ದು ಎರಡೇ ದಾರಿ. ಒಂದು, ಯಾರಿಗೂ ಹೇಳದೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು, ನೋವಿನ ಗುಳಿಗೆ ನುಂಗಿ ಓಡುವುದು. ಇನ್ನೊಂದು, "ನನ್ನ ಕೈಲಿ ಆಗೋದಿಲ್ಲ" ಎಂದು ಎಲ್ಲವನ್ನೂ ಬಿಟ್ಟು ಮನೆಯಲ್ಲಿ ಕೂರುವುದು. ಈ ಎರಡೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಮೂರನೆಯ ದಾರಿ ಇದೆ. ಪೆಟ್ಟಾದಷ್ಟು ದಿನ ಗುರಿಯನ್ನು ತಿದ್ದಿಕೊಳ್ಳಬೇಕು, ಊಟವನ್ನೂ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು.

ಇದು ಬರೀ ಪುಸ್ತಕದ ಮಾತಲ್ಲ. ಕಳೆದ ವರ್ಷ ಥ್ರೋಬಾಲ್ ಆಡುವಾಗ ಜಿಗಿದು ಇಳಿದ ನನ್ನ ಎಡಪಾದ ಹೊರಳಿತು. ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲ, ಆದರೆ ಲಿಗಮೆಂಟ್ ಹರಿದಿತ್ತು. ಆರು ವಾರ ಓಡಬೇಡ, ಜಿಗಿಯಬೇಡ ಎಂದು ಡಾಕ್ಟರ್ ಹೇಳಿದರು. ಆಗ ನನ್ನ ಗುರಿ 400 ಮೀಟರ್ ಓಟವನ್ನು 1 ನಿಮಿಷ 40 ಸೆಕೆಂಡಿನಲ್ಲಿ ಮುಗಿಸುವುದಾಗಿತ್ತು. ಮನೆಗೆ ಬಂದ ಮೇಲೆ ಸಲಹೆಗಳು ಶುರುವಾದವು. ನಾನಿ ಪಾಯಾ, ತುಪ್ಪ, ಖೀರು ಎಂದರು. ಖಾಲಾ "ಕೂತಲ್ಲೇ ಕೂತಿದ್ದೀ, ತಿನ್ನೋದು ಕಡಿಮೆ ಮಾಡು, ದಪ್ಪ ಆಗ್ತೀ" ಎಂದರು. ನೋಡಲು ಬಂದವರೊಬ್ಬರು ಅಮ್ಮಿಯ ಹತ್ತಿರ, "ಹುಡುಗಿ ಕಾಲು ಕುಂಟಾದರೆ ನಾಳೆ ಮದುವೆ ಹೆಂಗ? ಆಟ ಬಿಡಿಸಿಬಿಡ್ರಿ" ಎಂದರು. ಎಲ್ಲರೂ ಕಾಳಜಿಯಿಂದಲೇ ಹೇಳಿದ್ದು. ಆದರೆ ಒಬ್ಬೊಬ್ಬರ ಮಾತು ಒಂದೊಂದು ದಿಕ್ಕಿಗೆ ಎಳೆಯುತ್ತಿತ್ತು.

ನನಗೆ ದಾರಿ ತೋರಿಸಿದ್ದು ನಮ್ಮ ವ್ಯವಹಾರ ಅಧ್ಯಯನದ 'ನಿಯಂತ್ರಣ' ಅಧ್ಯಾಯ. ಮೊದಲು ಮಾನದಂಡ ಹಾಕಿಕೊಳ್ಳಬೇಕು, ನಂತರ ಆದ ಕೆಲಸವನ್ನು ಅಳೆಯಬೇಕು, ಎರಡನ್ನೂ ಹೋಲಿಸಬೇಕು, ವ್ಯತ್ಯಾಸಕ್ಕೆ ಕಾರಣ ಹುಡುಕಬೇಕು, ಸರಿಪಡಿಸಬೇಕು. ಸರಿಪಡಿಸಲು ಆಗದ ಕಾರಣ ಇದ್ದರೆ ಮಾನದಂಡವನ್ನೇ ಪರಿಷ್ಕರಿಸಬೇಕು. ಪರೀಕ್ಷೆಯಲ್ಲಿ ನಾವೆಲ್ಲ ಇದನ್ನು ಚೆನ್ನಾಗಿ ಬರೆಯುತ್ತೇವೆ. ಬೆಂಕಿ ಬಿದ್ದ ಕಾರ್ಖಾನೆಗೆ ಅದೇ ತಿಂಗಳು ಹಳೆಯ ಉತ್ಪಾದನಾ ಗುರಿ ಕೊಡುವ ಮ್ಯಾನೇಜರನ್ನು ಯಾರೂ ಜಾಣ ಅನ್ನುವುದಿಲ್ಲ. ಕಾರ್ಖಾನೆಯನ್ನೇ ಮುಚ್ಚಿಬಿಡುವವನನ್ನೂ ಅನ್ನುವುದಿಲ್ಲ. ನಮ್ಮ ದೇಹದ ವಿಷಯದಲ್ಲಿ ಮಾತ್ರ ಈ ಎರಡರಲ್ಲಿ ಒಂದನ್ನು ಏಕೆ ಮಾಡುತ್ತೇವೆ?

ನಮ್ಮ ಮನೆಗಳಲ್ಲಿ ಇದಕ್ಕಿಂತ ಹಳೆಯ ಪಾಠವೂ ಇದೆ. ನಿಂತು ನಮಾಜ್ ಮಾಡಲು ಆಗದವರು ಕುಳಿತು ಮಾಡುತ್ತಾರೆ, ಕುಳಿತೂ ಆಗದಿದ್ದರೆ ಮಲಗಿ ಮಾಡುತ್ತಾರೆ. ರಂಜಾನ್‌ನಲ್ಲಿ ಕಾಯಿಲೆ ಬಿದ್ದವರು ಬಿಟ್ಟ ರೋಜಾಗಳನ್ನು ಗುಣವಾದ ಮೇಲೆ ಪೂರೈಸುತ್ತಾರೆ. ಅಂದರೆ ಕರ್ತವ್ಯ ಉಳಿಯುತ್ತದೆ, ಅದನ್ನು ಮಾಡುವ ರೀತಿ ಮತ್ತು ದಿನ ಬದಲಾಗುತ್ತವೆ. ಇಷ್ಟು ದೊಡ್ಡ ವಿಷಯದಲ್ಲಿ ರಿಯಾಯಿತಿ ಇರುವಾಗ 400 ಮೀಟರ್ ಓಟಕ್ಕೆ ಇರಬಾರದೇ?

ದೊಡ್ಡ ಆಟಗಾರರೂ ಇದನ್ನೇ ಮಾಡುತ್ತಾರೆ. ನಮ್ಮ ರಾಜ್ಯದ ಕೆ.ಎಲ್. ರಾಹುಲ್ ಅವರಿಗೆ 2023ರ ಮೇ 1ರಂದು ಲಖನೌದಲ್ಲಿ ಐಪಿಎಲ್ ಪಂದ್ಯದಲ್ಲಿ ಚೆಂಡಿನ ಹಿಂದೆ ಓಡುವಾಗ ಬಲತೊಡೆಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆ ಆಯಿತು. ಜೂನ್‌ನಲ್ಲಿದ್ದ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ತಪ್ಪಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಂಡರು. ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದ ಮೇಲೂ ಸಣ್ಣ ನೋವು ಕಾಣಿಸಿದ್ದರಿಂದ ಮೊದಲ ಎರಡು ಪಂದ್ಯ ಆಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಮರಳಿ ಬಂದು ಔಟಾಗದೆ 111 ಓಟ ಹೊಡೆದರು. ನಾವೆಲ್ಲ ಆ 111 ಅನ್ನು ನೆನಪಿಡುತ್ತೇವೆ. ಆಡದೆ ಬಿಟ್ಟ ಆ ಎರಡು ಪಂದ್ಯಗಳನ್ನು ನೆನಪಿಡುವುದಿಲ್ಲ. ನನಗೆ ಅವೇ ಹೆಚ್ಚು ಮುಖ್ಯ ಅನಿಸುತ್ತವೆ.

"ಅನಿಲ್ ಕುಂಬ್ಳೆ ದವಡೆ ಮುರಿದರೂ ಬೌಲಿಂಗ್ ಮಾಡಲಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಹೌದು, 2002ರ ಮೇ ತಿಂಗಳಲ್ಲಿ ಆ್ಯಂಟಿಗಾ ಟೆಸ್ಟಿನಲ್ಲಿ ಮುಖಕ್ಕೆ ಬ್ಯಾಂಡೇಜ್ ಕಟ್ಟಿಕೊಂಡು 14 ಓವರ್ ಹಾಕಿ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಅದನ್ನು ಮೆಚ್ಚಲೇಬೇಕು. ಆದರೆ ಕಥೆಯ ಉಳಿದ ಭಾಗವನ್ನೂ ಹೇಳಬೇಕು. ಅದಾದ ಮೇಲೆ ಅವರು ಬೆಂಗಳೂರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಸರಣಿಯ ಕೊನೆಯ ಟೆಸ್ಟ್ ಆಡಲಿಲ್ಲ. ಅದಕ್ಕೂ ಮೊದಲು ಭುಜದ ಶಸ್ತ್ರಚಿಕಿತ್ಸೆಯಾಗಿ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಬಿಟ್ಟಿದ್ದರು. 2008ರಲ್ಲಿ ನಿವೃತ್ತರಾಗುವಾಗ ಅವರ ಹೆಸರಿನಲ್ಲಿ 619 ಟೆಸ್ಟ್ ವಿಕೆಟ್ ಇದ್ದವು. ಅಷ್ಟು ವಿಕೆಟ್ ಬಂದದ್ದು ಆ 14 ಓವರ್‌ಗಳಿಂದ ಅಲ್ಲ. ಪೆಟ್ಟಾದಾಗ ಚಿಕಿತ್ಸೆ ಪಡೆದು, ಕಾದು, ಮತ್ತೆ ಬಂದದ್ದರಿಂದ.

ಹಾಗಾದರೆ ಗುರಿ ತಿದ್ದುವುದು ಹೇಗೆ? ನಾನು ಮಾಡಿದ್ದನ್ನು ಹೇಳುತ್ತೇನೆ. ಓಟದ ಸಮಯ ಬರೆಯುತ್ತಿದ್ದ ನೋಟ್‌ಬುಕ್ಕಿನಲ್ಲೇ ಹೊಸ ಪುಟ ತೆಗೆದೆ. ಮೊದಲ ಗುರಿ: ಬಾವು ಇಳಿಯುವುದು. ಎರಡನೆಯದು: ಕುಂಟದೆ ಮನೆಯಿಂದ ಬಸ್ ನಿಲ್ದಾಣಕ್ಕೆ ನಡೆಯುವುದು. ಮೂರನೆಯದು: ಗೋಡೆ ಹಿಡಿಯದೆ ಎಡಗಾಲಿನ ಮೇಲೆ ಮೂವತ್ತು ಸೆಕೆಂಡ್ ನಿಲ್ಲುವುದು. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮದಲ್ಲಿ ಇದೇ ಕಠಿಣ. ಕೀಲು ಉಳುಕಿದವರಿಗೆ ಸಮತೋಲನ ಕಡಿಮೆಯಾಗಿರುತ್ತದೆ, ಅದನ್ನು ಮರಳಿ ಕಲಿಸದಿದ್ದರೆ ಅದೇ ಕಾಲು ಮತ್ತೆ ಹೊರಳುತ್ತದೆ. ಕಾಲು ನಿಂತಿದ್ದರೂ ಕೈ, ಹೊಟ್ಟೆ, ಬೆನ್ನು ನಿಲ್ಲಬೇಕಾಗಿಲ್ಲ. ಕುಳಿತು ನೀರಿನ ಬಾಟಲಿ ಎತ್ತುವ ವ್ಯಾಯಾಮ ಮಾಡಿದೆ. ಓಟಕ್ಕೆ ಮರಳುವಾಗಲೂ ಒಂದು ನಿಯಮ ಇತ್ತು. ಇಂದು ಮಾಡಿದ್ದಕ್ಕೆ ನಾಳೆ ಬೆಳಿಗ್ಗೆ ನೋವು, ಬಾವು ಹೆಚ್ಚಾದರೆ ಹಿಂದಿನ ಹಂತಕ್ಕೆ ಮರಳಬೇಕು.

ಡಾಂಬರು ರಸ್ತೆಯಲ್ಲಿ ಓಡುವ ಅಣ್ಣಂದಿರಿಗೆ ಒಂದು ಮಾತು. ಭರ್ತಿ ದಿನಾಂಕ ಬಂತೆಂದು ದೂರವನ್ನು ಒಮ್ಮೆಲೇ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬರಬಹುದು. ಮೊದಮೊದಲು ಅದು ಎಕ್ಸ್‌ರೇಯಲ್ಲೂ ಕಾಣದೆ ಇರಬಹುದು. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದರೆ, ಓಡಿದಂತೆ ಅದು ಹೆಚ್ಚಾದರೆ, ಓಟ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಿ. ಆರೆಂಟು ವಾರ ಹೋಗಬಹುದು. ನಿಲ್ಲಿಸದೆ ಓಡಿದರೆ ಆ ಬಿರುಕು ಪೂರ್ತಿ ಮುರಿತವಾಗಿ ಭರ್ತಿಯೇ ಕೈತಪ್ಪಬಹುದು. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ತಡಮಾಡುತ್ತವೆ ಎನ್ನುವುದೂ ನೆನಪಿರಲಿ.

ಈಗ ಊಟದ ವಿಷಯ. ಇಲ್ಲಿ ನಾನಿಯದೂ ಪೂರ್ತಿ ಸರಿಯಲ್ಲ, ಖಾಲಾಳದೂ ಪೂರ್ತಿ ಸರಿಯಲ್ಲ. ಓಟ ನಿಂತಾಗ ದೇಹಕ್ಕೆ ಬೇಕಾದ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಆದರೆ ಹರಿದದ್ದನ್ನು, ಮುರಿದದ್ದನ್ನು ಕೂಡಿಸಲು ದೇಹ ಒಳಗೆ ದುಡಿಯುತ್ತಿರುತ್ತದೆ. ಆಗ ಊಟ ಬಿಟ್ಟರೆ ಕರಗುವುದು ಕೊಬ್ಬಷ್ಟೇ ಅಲ್ಲ, ಸ್ನಾಯುವೂ ಕರಗುತ್ತದೆ. ಎರಡು ವಾರ ಕಾಲು ಅಲ್ಲಾಡಿಸದಿದ್ದರೆ ಮೀನಖಂಡ ಸಣ್ಣಗಾಗಿರುವುದು ಕಣ್ಣಿಗೇ ಕಾಣುತ್ತದೆ.

ನಾನಿಯ ಪಾಯಾ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಪಾಯಾದಲ್ಲಿರುವ ಪ್ರೋಟೀನ್ ಬಹುಪಾಲು ಜೆಲಟಿನ್. ದೇಹಕ್ಕೆ ಬೇಕೇ ಬೇಕಾದ ಟ್ರಿಪ್ಟೊಫಾನ್ ಎಂಬ ಅಂಶ ಅದರಲ್ಲಿ ಇಲ್ಲ. ಎಲುಬು ಕುದಿಸಿದ ನೀರಿಗೆ ಇಳಿಯುವ ಕ್ಯಾಲ್ಸಿಯಂ ಕೂಡ ಬಹಳ ಕಡಿಮೆ. ಹಾಗೆಂದು ಪಾಯಾ ಬೇಡ ಅನ್ನುವಷ್ಟು ಧೈರ್ಯ ನನಗಿಲ್ಲ. ಪಾಯಾ ಇರಲಿ, ಜೊತೆಗೆ ತತ್ತಿ, ಹಾಲು, ಕಾಳು ಇರಲಿ ಎಂದು ಒಪ್ಪಂದವಾಯಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ 16ರಿಂದ 18 ವರ್ಷದ ಆರೋಗ್ಯವಂತ ಹುಡುಗಿಗೆ ದಿನಕ್ಕೆ ಸುಮಾರು 46 ಗ್ರಾಂ, ಹುಡುಗನಿಗೆ ಸುಮಾರು 55 ಗ್ರಾಂ ಪ್ರೋಟೀನ್ ಬೇಕು. ಪೆಟ್ಟಾದ ಆಟಗಾರರಿಗೆ ದೇಹತೂಕದ ಪ್ರತಿ ಕಿಲೋಗೆ 1.6 ಗ್ರಾಂ ಅಥವಾ ಇನ್ನೂ ಸ್ವಲ್ಪ ಹೆಚ್ಚು ಬೇಕೆಂದು ಕ್ರೀಡಾ ಆಹಾರ ತಜ್ಞರು ಹೇಳುತ್ತಾರೆ. 50 ಕಿಲೋ ಇದ್ದರೆ 80 ಗ್ರಾಂ. ಇದನ್ನು ಕೇಳಿದ ಕೂಡಲೇ ಪೌಡರ್ ಡಬ್ಬಿ ನೆನಪಾಗುತ್ತದೆ. ವಾಣಿಜ್ಯ ವಿದ್ಯಾರ್ಥಿನಿಯಾಗಿ ನಾನು ಮೊದಲು ಅಡುಗೆಮನೆಯ ಲೆಕ್ಕ ತೆಗೆದೆ. ಎರಡು ತತ್ತಿ, 12 ಗ್ರಾಂ. 50 ಗ್ರಾಂ ಹೆಸರು ಕಾಳು ಮೊಳಕೆ ಕಟ್ಟಿದರೆ 12. ಒಂದು ಹಿಡಿ ಶೇಂಗಾ, 7. ಎರಡು ಲೋಟ ಹಾಲು, 13. ಮೂರು ಜೋಳದ ರೊಟ್ಟಿ, ಸುಮಾರು 15. ಒಂದು ಬಟ್ಟಲು ಬೇಳೆ, 9. ಒಂದು ವಾಟಿ ಮೊಸರು, 3. ಒಟ್ಟು 71. ಕೋಳಿ ಮಾಡಿದ ದಿನ 100 ಗ್ರಾಂ ತಿಂದರೆ ಇನ್ನೂ 20. ಹೆಸರು, ಶೇಂಗಾ, ಜೋಳ ನಮ್ಮ ಗದಗ ಜಿಲ್ಲೆಯ ಹೊಲದಲ್ಲೇ ಬೆಳೆಯುತ್ತವೆ. ತತ್ತಿಗೆ ಏಳು ರೂಪಾಯಿ ಹಿಡಿದರೂ ಒಂದು ಗ್ರಾಂ ಪ್ರೋಟೀನಿಗೆ ಒಂದು ರೂಪಾಯಿ ಚಿಲ್ಲರೆ. ಅಬ್ಬಾನ ಹಲವು ದಿನದ ದುಡಿಮೆ ಕೊಟ್ಟು ಡಬ್ಬಿ ತರುವ ಅಗತ್ಯ ನಮ್ಮ ಮನೆಗೆ ಕಾಣಲಿಲ್ಲ. ಒಂದು ಎಚ್ಚರಿಕೆ: ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಕಡಿಮೆ ಮಾಡಬೇಕಾದದ್ದೂ ಇದೆ. ಓಡುವ ದಿನಗಳಲ್ಲಿ ದಕ್ಕುತ್ತಿದ್ದ ಸಂಜೆಯ ಮಿರ್ಚಿ, ಬಾಟಲಿ ಶರಬತ್ತು, ಎರಡನೆಯ ಬಟ್ಟಲು ಖೀರು ಕೂತ ದಿನಗಳಲ್ಲಿ ಬೇಡ. ಊಟದ ಜೊತೆಗೇ ಚಹಾ ಕುಡಿಯುವುದನ್ನೂ ನಿಲ್ಲಿಸಬೇಕು, ಅದು ಕಬ್ಬಿಣಾಂಶವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ಹುಡುಗಿಯರಿಗೆ ಇದು ಇನ್ನೂ ಮುಖ್ಯ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಮೆಂತ್ಯ ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಂಡರೆ, ಊಟದ ಮೇಲೆ ಪೇರಲ ಹಣ್ಣು ತಿಂದರೆ ಕಬ್ಬಿಣಾಂಶ ಚೆನ್ನಾಗಿ ಸೇರುತ್ತದೆ. ಎಲುಬಿಗೆ ಬಿಸಿಲೂ ಬೇಕು, ದಿನಾ ಸ್ವಲ್ಪ ಹೊತ್ತು ಅಂಗಳದಲ್ಲೋ ಮಾಳಿಗೆಯ ಮೇಲೋ ಕೂತುಕೊಳ್ಳಿ. ಚೇತರಿಕೆಯ ನಡುವೆ ರಂಜಾನ್ ಬಂದರೆ ರೋಜಾದ ಬಗ್ಗೆ ಡಾಕ್ಟರನ್ನೂ ಆಲಿಮರನ್ನೂ ಕೇಳಿ ನಿರ್ಧರಿಸಿ.

ಕೊನೆಗೆ ಕಾಲೇಜಿನ ಗುರುಗಳಲ್ಲಿ ಮೂರು ವಿನಂತಿ. ಒಂದು, ಕ್ರೀಡಾಕೂಟದ ತಂಡ ಆರಿಸುವ ಮೊದಲು ಪ್ರತಿ ಆಟಗಾರರನ್ನೂ ಬೇರೆಯಾಗಿ ಕರೆದು ನೋವಿದೆಯೇ ಎಂದು ಕೇಳಿ. ಎಲ್ಲರ ಮುಂದೆ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಎರಡು, ಪೆಟ್ಟಾದವರನ್ನು ತಂಡದಿಂದ ತೆಗೆಯಬೇಡಿ. ಅಂಕ ಬರೆಯುವುದು, ಸಮಯ ಹಿಡಿಯುವುದು, ಕಿರಿಯರಿಗೆ ಹೇಳಿಕೊಡುವುದು, ಇಂಥ ಕೆಲಸ ಕೊಡಿ. ಮೈದಾನದಲ್ಲಿ ಜಾಗ ಉಳಿದರೆ ನೋವು ಮುಚ್ಚಿಡುವ ಕಾರಣ ಉಳಿಯುವುದಿಲ್ಲ. ಮೂರು, ಹುಡುಗಿಗೆ ಪೆಟ್ಟಾದಾಗ ಮನೆಯವರಿಗೆ ಒಮ್ಮೆ ಫೋನ್ ಮಾಡಿ, ಆಟ ಬಿಡಿಸುವ ಅಗತ್ಯ ಇಲ್ಲ ಎಂದು ಹೇಳಿ. ನಮ್ಮ ಮಾತಿಗಿಂತ ನಿಮ್ಮ ಮಾತಿಗೆ ಅಲ್ಲಿ ತೂಕ ಹೆಚ್ಚು.

ಗೆಳತಿಯರಿಗೆ, ಗೆಳೆಯರಿಗೆ ನನ್ನದು ಒಂದೇ ಮಾತು. ನಮಗೆ ಹದಿನೇಳು ವರ್ಷ. ಈ ಕಾಲಿನ ಮೇಲೆ ಇನ್ನೂ ಐವತ್ತು, ಅರವತ್ತು ವರ್ಷ ನಡೆಯಬೇಕು. ಈ ವರ್ಷದ ಪದಕ ಮುಂದಿನ ವರ್ಷವೂ ಸಿಗಬಹುದು. ಆರು ವಾರ ಕೊಡಬೇಕಿದ್ದರೆ ಆರು ವಾರ ಕೊಟ್ಟುಬಿಡಿ, ಆ ಆರು ವಾರ ಚೆನ್ನಾಗಿ ಉಣ್ಣಿ.