ಹುಸಿಮೊಲ

ಅಮೆರಿಕದಲ್ಲಿ ಮಗಳ ಮನೆಯಲ್ಲಿ ಆರು ತಿಂಗಳಿದ್ದು ಬಂದ ಸೋದರಿಯೊಬ್ಬರು ಈ ಪುಟಕ್ಕೆ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಅಲ್ಲಿಯ ನೆರೆಮನೆಯ 88 ವರ್ಷದ ವೃದ್ಧೆಯು ತನ್ನ ತಾಯಿ ಮಾಡುತ್ತಿದ್ದ ‘ಮೀಟ್‌ಲೋಫ್’ ಎಂಬ ಭಕ್ಷ್ಯದ ಮಾತು ಬಂದಾಗಲೆಲ್ಲ ಕಣ್ಣೀರು ತಂದುಕೊಳ್ಳುತ್ತಿದ್ದರಂತೆ. ‘ಕೊಚ್ಚಿದ ಮಾಂಸದ ಗಟ್ಟಿಯಲ್ಲಿ ಅಂಥದೇನುಂಟು?’ ಎಂಬುದು ಸೋದರಿಯ ಸಂದೇಹ. ಈ ಲೇಖಕನು ಮಾಂಸವನ್ನು ಮುಟ್ಟುವವನಲ್ಲ. ಆದರೆ ಪರರ ಅನ್ನವನ್ನು ಅರಿಯಬೇಕಾದರೆ ಅದನ್ನು ಉಣ್ಣಲೇಬೇಕೆಂಬ ವಿಧಿಯೇನೂ ಇಲ್ಲವಷ್ಟೆ.

ಮಾಂಸವನ್ನು ಅರೆದು ಮುದ್ದೆಮಾಡುವುದು ಬಹಳ ಹಳೆಯ ವಿದ್ಯೆ. ಅಪಿಕಿಯಸ್ ಎಂಬವನ ಹೆಸರಿನಲ್ಲಿ ಉಳಿದುಬಂದಿರುವ ರೋಮನರ ಪಾಕಗ್ರಂಥದಲ್ಲಿ ಕೊಚ್ಚಿದ ಮಾಂಸಕ್ಕೆ ದ್ರಾಕ್ಷಾಮದ್ಯದಲ್ಲಿ ನೆನೆದ ರೊಟ್ಟಿಯನ್ನೂ ಮೆಣಸನ್ನೂ ಕೂಡಿಸುವ ಕ್ರಮವಿದೆ. ನಮ್ಮ ಸುಶ್ರುತಸಂಹಿತೆಯೂ ಇದನ್ನು ಬಲ್ಲದು: ಮೂಳೆ ತೆಗೆದ ಮಾಂಸವನ್ನು ಬೇಯಿಸಿ, ಕಲ್ಲಿನ ಮೇಲೆ ಅರೆದು, ಹಿಪ್ಪಲಿ, ಶುಂಠಿ, ಮೆಣಸು, ಬೆಲ್ಲ, ತುಪ್ಪಗಳನ್ನು ಸೇರಿಸಿದರೆ ಅದು ‘ವೇಸವಾರ’. ಅಮರಕೋಶದಲ್ಲಿ ಇದೇ ಶಬ್ದಕ್ಕೆ ಬರಿಯ ಮಸಾಲೆಯೆಂದು ಅರ್ಥ. ಮಾಂಸ ಹೋಗಿ ಮಸಾಲೆ ನಿಂತಿತು!

ಅಮೆರಿಕದ ಭಕ್ಷ್ಯಕ್ಕೆ ಹತ್ತಿರದ ನೆಂಟರು ಜರ್ಮನರು. ಅವರಲ್ಲಿ ಇಂಥದೊಂದು ಪಾಕಕ್ಕೆ ‘ಹುಸಿಮೊಲ’ವೆಂದೇ ಹೆಸರು. ಬೇಟೆಯ ಮೊಲವಿಲ್ಲದ ಮನೆಯಲ್ಲಿ ಕೊಚ್ಚಿದ ಮಾಂಸವನ್ನೇ ನೀಳವಾಗಿ ತಟ್ಟಿ, ಅನೇಕ ವೇಳೆ ಬೆಂದ ಕೋಳಿಮೊಟ್ಟೆಗಳನ್ನು ಒಳಗಿಟ್ಟು ಸುಡುತ್ತಾರೆ. ನಮ್ಮ ತಾರ್ಕಿಕರು ಮೊಲದ ಕೊಂಬು ಇಲ್ಲವೆಂದರು; ಇವರ ಊಟದಲ್ಲಿ ಮೊಲವೇ ಇಲ್ಲ.

ಕೈಯಿಂದ ತಿರುಗಿಸುವ ಕೊಚ್ಚುವ ಯಂತ್ರಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮನೆಮನೆಗೂ ಬಂದ ಮೇಲೆ ಅಮೆರಿಕದ ಗೃಹಿಣಿಗೆ ಈ ಕೆಲಸವು ಸುಲಭವಾಯಿತು. 1896ರಲ್ಲಿ ಅಚ್ಚಾದ ಫ್ಯಾನಿ ಫಾರ್ಮರಳ ಪ್ರಸಿದ್ಧ ಪಾಕಪುಸ್ತಕದಲ್ಲಿ ಕರುವಿನ ಮಾಂಸದ ಲೋಫ್ ಇದೆ. ಮುಂದೆ 1929ರಲ್ಲಿ ಆರ್ಥಿಕ ಮುಗ್ಗಟ್ಟು ತಲೆದೋರಿತು. 1933ರ ಹೊತ್ತಿಗೆ ಅಲ್ಲಿ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸವಿರಲಿಲ್ಲ. ಅದು ಕಳೆಯಿತೆನ್ನುವಷ್ಟರಲ್ಲಿ ಯುದ್ಧ. 1943ರ ಮಾರ್ಚಿಯಿಂದ ಮಾಂಸಕ್ಕೂ ಪಡಿತರ. ಮೂವರಿಗೆ ಸಾಲುವ ಮಾಂಸವನ್ನು ಆರು ಮಂದಿಗೆ ಬಡಿಸಬೇಕಾದ ತಾಯಿಯು ಒಣರೊಟ್ಟಿಯ ಪುಡಿಯನ್ನೋ ಓಟ್ಸನ್ನೋ ಬೆರೆಸಿದಳು. ನೆರೆಮನೆಯ ವೃದ್ಧೆಯ ಬಾಲ್ಯವು ಆ ಕಾಲದ್ದು.

ಇದು ವಂಚನೆಯೆ? ವ್ಯಾಪಾರಿಯು ಮಾಡಿದರೆ ಕಲಬೆರಕೆ, ತಾಯಿಯು ಮಾಡಿದರೆ ಸಂಸಾರ. ಅಷ್ಟೇ ಅಲ್ಲ, ಈ ಬೆರಕೆಯಿಂದ ರುಚಿ ಕೆಡುವ ಬದಲು ಹೆಚ್ಚುತ್ತದೆ. ಕಾವು ತಗಲಿದಾಗ ಮಾಂಸವು ಬಿಗಿದುಕೊಂಡು ತನ್ನ ರಸವನ್ನು ಹಿಂಡಿಬಿಡುತ್ತದೆ. ಹಾಲಿನಲ್ಲಿ ನೆನೆದ ರೊಟ್ಟಿಯ ಪಿಷ್ಟವು ನಡುವೆ ಸೇರಿ ಆ ಬಿಗಿತವನ್ನು ತಡೆದು, ರಸವನ್ನು ಹಿಡಿದಿಡುತ್ತದೆ. ಬರಿಯ ಮಾಂಸದ ಗಟ್ಟಿ ಇಟ್ಟಿಗೆಯಂತಾಗುವುದು. ಮೊಟ್ಟೆ, ಈರುಳ್ಳಿ ಕೂಡಿಸಿ, ರೊಟ್ಟಿಯ ಅಚ್ಚಿನಲ್ಲಿಟ್ಟು, ಮೇಲೆ ಟೊಮೇಟೋ ಕೆಚಪ್ಪು ಬಳಿದು ಸುಮಾರು ಒಂದು ಗಂಟೆ ಬೇಯಿಸುತ್ತಾರೆ. ಕೊಚ್ಚುವಾಗ ಮೇಲ್ಮೈಯ ರೋಗಾಣುಗಳು ಒಳಗೆಲ್ಲ ಹರಡುವುದರಿಂದ ನಡುಭಾಗವು 71 ಡಿಗ್ರಿ ಸೆಂಟಿಗ್ರೇಡಿಗೆ ಏರಲೇಬೇಕು. ಪಕ್ಕದಲ್ಲಿ ಮಸೆದ ಆಲೂಗಡ್ಡೆ. ಉಳಿದದ್ದನ್ನು ಮರುದಿನ ತಣ್ಣಗೆ ಕೊಯ್ದು ಎರಡು ಬ್ರೆಡ್ಡಿನ ನಡುವೆ ಇಟ್ಟರೆ ಶಾಲೆಯ ಬುತ್ತಿ; ಕೆಲವರಿಗೆ ಬಿಸಿಯದಕ್ಕಿಂತ ಈ ತಂಗಳೇ ಮೇಲಂತೆ. ತಂಗಳನ್ನದ ಒಗ್ಗರಣೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ದೇಶದ ಶಾಕಾಹಾರಿಗಳು ಮಸೂರಬೇಳೆ, ಅಕ್ರೋಟು, ಓಟ್ಸುಗಳಿಂದ ಇದೇ ಅಚ್ಚಿನಲ್ಲಿ, ಇದೇ ಕೆಚಪ್ಪು ಬಳಿದು ಲೋಫ್ ಮಾಡುತ್ತಾರೆ. ಹುಸಿಮೊಲಕ್ಕೂ ಹುಸಿಯಾದ ಇದು ನಮ್ಮಂಥವರಿಗೆ ನಡೆಯುತ್ತದೆ. ಸೋದರಿಯು ಮಗಳಿಗೆ ಬರೆದು ಒಮ್ಮೆ ಮಾಡಿಸಲಿ. ಒಂದು ಹೋಳು ನೆರೆಮನೆಗೂ ಹೋಗಲಿ. ಆ ವೃದ್ಧೆಯು ಏನೆಂದರೆಂಬುದನ್ನು ನಮಗೂ ತಿಳಿಸಬೇಕು.