ತಂತ್ರಾಂಶ ಕೈಪಿಡಿಗಳಲ್ಲಿ ಪದ ಮತ್ತು ಕಾಗುಣಿತದ ಏಕರೂಪತೆ

ಪರ್ಯಾಯಪದಗಳ ಸಮೃದ್ಧಿ ಕಾವ್ಯಕ್ಕೆ ಭೂಷಣ. ತಂತ್ರಾಂಶದ ಕೈಪಿಡಿಗೆ ಅದೇ ದೋಷ. ಮೆನುವಿನಲ್ಲಿ ‘ಕಡತ’ವೆಂದಿದ್ದು ಕೈಪಿಡಿಯಲ್ಲಿ ‘ಫೈಲ್’ ಎಂದಾದರೆ ದಾವಣಗೆರೆಯ ಹೊಸ ಬಳಕೆದಾರನು ಎರಡು ವಸ್ತುಗಳನ್ನು ಅರಸತೊಡಗುತ್ತಾನೆ. ಕಡತವೋ ಫೈಲೋ ಎಂಬ ಚರ್ಚೆ ಕನ್ನಡ ವಿಭಾಗಗಳಿಗೆ ಪ್ರಿಯವಾದುದೇ. ಕಾಗುಣಿತದ ಪ್ರಶ್ನೆ ಅದಕ್ಕಿಂತ ತೊಡಕಿನದು. ‘ಫೈಲ್‌ಗಳು’, ‘ಫೈಲ್ಗಳು’, ‘ಫೈಲುಗಳು’ ಎಂಬ ಮೂರನ್ನೂ ಓದುಗನು ಒಂದೆಂದೇ ಗ್ರಹಿಸುತ್ತಾನೆ. ಗಣಕದ ಅಕ್ಷರಶಃ ಹುಡುಕಾಟಕ್ಕೆ ಅವು ಮೂರು ಪದಗಳು. ಮೊದಲ ರೂಪದಲ್ಲಂತೂ ಗಕಾರವು ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತವೊಂದು ಅಡಗಿದೆ.

ಹಳಗನ್ನಡದ ‘ಕಾಲ್’ ಮುಂದೆ ‘ಕಾಲು’ ಆಯಿತು. ಆ ಜಾಡಿನಲ್ಲೇ ಸಾಗುವ ‘ಫೈಲು’, ‘ಫೈಲುಗಳು’ ಎಂಬ ರೂಪಗಳಿಗೆ ಯಾವ ಗುಪ್ತ ಸಂಕೇತವೂ ಬೇಕಿಲ್ಲ. ಅವನ್ನೇ ಸ್ಥಿರಗೊಳಿಸುವುದು ಯುಕ್ತ. ಪಾರಿಭಾಷಿಕ ಪದಕೋಶಗಳು ಸಾಮಾನ್ಯವಾಗಿ ಪದವನ್ನಷ್ಟೇ ಕೊಡುತ್ತವೆ. ಬಹುವಚನ, ವಿಭಕ್ತಿರೂಪಗಳ ನಿರ್ಣಯವನ್ನು ವ್ಯಾಕರಣ ಬೋಧಿಸುವವರು ಕೈಗೆತ್ತಿಕೊಳ್ಳದಿದ್ದರೆ ಅದು ಸ್ವಯಂಸೇವಕ ಅನುವಾದಕನೊಬ್ಬನ ಆ ಹೊತ್ತಿನ ಊಹೆಗೇ ಉಳಿಯುತ್ತದೆ.